ಇದ್ದಿಲಲ್ಲಿ ಬರೆದ ಸೆರೆಯಾಳು

ಬಣ್ಣ ಬಳಸುವಂತಿಲ್ಲ. ಇದ್ದಿಲು ಅಥವಾ ಸೀಮೆಸುಣ್ಣ ಮಾತ್ರ. ಹಾಳೆ 10 ಅಡಿಗಿಂತ ಕಿರಿದಾಗಬಾರದು, 15 ಅಡಿ ಮೀರಬಾರದು. ಅದರಲ್ಲಿ ಬರುವ ಮನುಷ್ಯರು ಆಳೆತ್ತರಕ್ಕಿಂತ ಚಿಕ್ಕವರಾಗಿರಕೂಡದು. ವಸ್ತು ಬ್ರಿಟನ್ನಿನ ಇತಿಹಾಸದಿಂದ ಬರಬೇಕು, ಇಲ್ಲವೇ ಸ್ಪೆನ್ಸರ್, ಶೇಕ್ಸ್‌ಪಿಯರ್, ಮಿಲ್ಟನ್ ಈ ಮೂವರು ಕವಿಗಳ ಕಾವ್ಯದಿಂದ. 1842ರಲ್ಲಿ ಬ್ರಿಟಿಷ್ ಸರ್ಕಾರದ ಲಲಿತಕಲಾ ಆಯೋಗ ಪ್ರಕಟಿಸಿದ ಸ್ಪರ್ಧೆಯ ಷರತ್ತುಗಳಿವು. ಮೊದಲ ಮೂವರಿಗೆ ತಲಾ 300 ಪೌಂಡ್, ಮುಂದಿನ ಮೂವರಿಗೆ 200, ಆಮೇಲಿನ ಐವರಿಗೆ 100. ಎಣ್ಣೆಬಣ್ಣದ ಭಾವಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದ ಕಲಾವಿದರ ಮುಂದೆ ಆ ದೇಶದ ಸರ್ಕಾರ ಇಷ್ಟು ದೊಡ್ಡ ಕೆಲಸವನ್ನು ಹಿಂದೆಂದೂ ಇಟ್ಟಿರಲಿಲ್ಲ.

ಈ ಸ್ಪರ್ಧೆಗೆ ಕಾರಣವಾದದ್ದು ಒಂದು ಬೆಂಕಿ. ಖಜಾನೆಯವರು ಶತಮಾನಗಳ ಕಾಲ ಜಮಾಖರ್ಚಿನ ಲೆಕ್ಕವನ್ನು ಮರದ ಕೋಲುಗಳ ಮೇಲೆ ಗೀರು ಕೊರೆದು ಇಡುತ್ತಿದ್ದರು. ಆ ಪದ್ಧತಿ ನಿಂತುಹೋದ ಮೇಲೆ ಹಳೆಯ ಕೋಲುಗಳು ರಾಶಿ ಬಿದ್ದಿದ್ದವು. 1834ರ ಅಕ್ಟೋಬರ್ 16ರಂದು ಅವನ್ನು ಲಾರ್ಡ್ಸ್ ಸಭೆಯ ಕೆಳಗಿನ ಒಲೆಗಳಿಗೆ ತುಂಬಿ ಸುಟ್ಟರು. ಹೊಗೆಗೂಡು ಆ ಕಾವು ತಡೆಯಲಿಲ್ಲ. ಅಂದು ರಾತ್ರಿ ಪಾರ್ಲಿಮೆಂಟಿನ ಹಳೆಯ ಕಟ್ಟಡ ಬಹುಪಾಲು ಬೂದಿಯಾಯಿತು. ಥೇಮ್ಸ್ ನದಿಯ ದಡದಲ್ಲಿ ನೆರೆದ ಜನರ ನಡುವೆ ಚಿತ್ರಕಾರ ಟರ್ನರ್ ಕೂಡ ಇದ್ದ. ಆ ಬೆಂಕಿಯನ್ನು ಅವನು ಆಮೇಲೆ ಚಿತ್ರಿಸಿದ. ಅರಮನೆಯೆಂದೇ ಕರೆಯುವ ಹೊಸ ಪಾರ್ಲಿಮೆಂಟ್ ಕಟ್ಟಡವನ್ನು ಕಟ್ಟುವ ಕೆಲಸ ಚಾರ್ಲ್ಸ್ ಬ್ಯಾರಿಯ ಪಾಲಿಗೆ ಬಂತು, ಅದರ ಕೆತ್ತನೆ ಕುಸುರಿಯೆಲ್ಲ ಪ್ಯೂಜಿನ್‌ನ ಕೈಗೆ. ಗೋಡೆಗಳು ಏಳುತ್ತಿದ್ದಂತೆ ಅವುಗಳ ಮೇಲೆ ಏನನ್ನು ಬರೆಸಬೇಕು, ಯಾರಿಂದ ಬರೆಸಬೇಕು ಎಂಬ ಪ್ರಶ್ನೆಯೂ ಎದ್ದಿತು. 1841ರಲ್ಲಿ ಆಯೋಗ ನೇಮಕವಾಯಿತು. ಅದರ ಅಧ್ಯಕ್ಷ ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್; ಅವನಿಗೆ ಆಗ 22 ವರ್ಷ. ಕಾರ್ಯದರ್ಶಿ ಚಿತ್ರಕಾರ ಚಾರ್ಲ್ಸ್ ಈಸ್ಟ್‌ಲೇಕ್.

ಆಲ್ಬರ್ಟ್ ಜರ್ಮನಿಯವನು. ಮ್ಯೂನಿಕ್‌ನಲ್ಲಿ ಬವೇರಿಯಾದ ದೊರೆ ಅರಮನೆಯ ಗೋಡೆಗಳ ಮೇಲೆ ಜರ್ಮನ್ನರ ಹಳೆಯ ವೀರಕಾವ್ಯವಾದ ನಿಬೆಲುಂಗರ ಕಥೆ ಬರೆಸುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಇಟಲಿಯ ಹಳಬರಂತೆ ಹಸಿ ಗಾರೆಯ ಮೇಲೆ ಬರೆಯುವ ಭಿತ್ತಿಚಿತ್ರವನ್ನು ಜರ್ಮನ್ನರು ಮತ್ತೆ ಬಳಕೆಗೆ ತಂದಿದ್ದರು. ಇಂಗ್ಲೆಂಡಿನಲ್ಲಿ ಆ ವಿದ್ಯೆ ಬಲ್ಲವರೇ ಇರಲಿಲ್ಲವೆನ್ನಬೇಕು. ಬಣ್ಣದಲ್ಲಿ ಇಂಗ್ಲಿಷರು ಗಟ್ಟಿಗರು, ಗೆರೆಯಲ್ಲಿ ಹಿಂದೆ ಎಂಬ ಮಾತು ಯುರೋಪಿನಲ್ಲಿ ಚಾಲ್ತಿಯಲ್ಲಿತ್ತು. ಆದ್ದರಿಂದ ಬಣ್ಣವನ್ನು ಬದಿಗಿಟ್ಟು ಗೆರೆಯನ್ನೇ ಪರೀಕ್ಷೆಗೆ ಒಡ್ಡಿ ನೋಡೋಣವೆಂದು ಆಯೋಗ ತೀರ್ಮಾನಿಸಿತು.

ಹಸಿ ಗಾರೆಯ ಕೆಲಸದಲ್ಲಿ ಗೆರೆಗೆ ಅಷ್ಟು ಬೆಲೆ ಬರುವುದು ಸುಣ್ಣದ ಗುಣದಿಂದ. ನೀರಿನಲ್ಲಿ ಕಲಸಿದ ಬಣ್ಣವನ್ನು ಸುಣ್ಣದ ಗಾರೆ ಹಸಿಯಿರುವಾಗಲೇ ಬಳಿಯಬೇಕು. ಸುಣ್ಣ ಗಾಳಿಗೆ ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಒಂದು ದಿನಕ್ಕೆ ಎಷ್ಟು ಬರೆಯಲಾದೀತೋ ಅಷ್ಟಗಲ ಮಾತ್ರ ಗಾರೆ ಮೆತ್ತಬೇಕು. ಸಂಜೆಗೆ ಉಳಿದದ್ದನ್ನು ಕೆರೆದು ತೆಗೆಯಬೇಕು. ಬರೆದದ್ದು ತಪ್ಪಾದರೆ ಅಳಿಸುವಂತಿಲ್ಲ, ಗಾರೆಯನ್ನೇ ಒಡೆದು ಮತ್ತೆ ಮೆತ್ತಬೇಕು. ಹೀಗಿರುವಾಗ ಗೋಡೆಯ ಮುಂದೆ ನಿಂತು ಯೋಚಿಸುವುದಕ್ಕೆ ಹೊತ್ತೆಲ್ಲಿ? ಯೋಚನೆಯೆಲ್ಲ ಮೊದಲೇ ಕಾಗದದ ಮೇಲೆ ಮುಗಿದಿರಬೇಕು. ಗೋಡೆಯ ಅಳತೆಯ ಕಾಗದದಲ್ಲಿ, ಇದ್ದಿಲು ಸೀಮೆಸುಣ್ಣಗಳಲ್ಲಿ, ನೆರಳು ಬೆಳಕು ಸಮೇತ ಬರೆದುಕೊಳ್ಳುವ ಆ ಪೂರ್ವಸಿದ್ಧತೆಯ ಚಿತ್ರಕ್ಕೆ ಕಾರ್ಟೂನ್ ಎಂದು ಹೆಸರು. ಆಮೇಲೆ ಅದರ ಗೆರೆಗಳ ಗುಂಟ ಸೂಜಿಯಿಂದ ತೂತು ಚುಚ್ಚಿ, ಗೋಡೆಗೆ ಒತ್ತಿಹಿಡಿದು, ಇದ್ದಿಲ ಪುಡಿ ತುಂಬಿದ ಬಟ್ಟೆಯ ಗಂಟಿನಿಂದ ತಟ್ಟಿದರೆ, ತೂತಿನ ರಂಗೋಲಿ ತಟ್ಟೆಯಿಂದ ಪುಡಿ ಇಳಿದು ನೆಲದ ಮೇಲೆ ಚಿತ್ತಾರ ಮೂಡುವಂತೆ, ಗಾರೆಯ ಮೇಲೆ ಚುಕ್ಕಿಗಳ ಸಾಲು ಮೂಡುತ್ತದೆ. ಇಲ್ಲವೇ ಮೊಂಡು ಕಡ್ಡಿಯಿಂದ ಗೆರೆಗಳ ಮೇಲೆ ಒತ್ತಿ ಗಾರೆಯಲ್ಲಿ ಗುರುತು ಮೂಡಿಸುವುದೂ ಉಂಟು. ಗೋಡೆಯ ಚಿತ್ರ ಮುಗಿಯುವ ಹೊತ್ತಿಗೆ ಕಾಗದ ಹರಿದು, ತೂತಾಗಿ, ಮಸಿಯಾಗಿರುತ್ತದೆ. ರಾಫೆಲ್ ಸಿಸ್ಟೀನ್ ಪ್ರಾರ್ಥನಾಮಂದಿರದ ಪರದೆಗಳಿಗಾಗಿ ಬರೆದ ಕಾರ್ಟೂನ್‌ಗಳನ್ನು ಕೂಡ ನೇಕಾರರು ಪಟ್ಟಿ ಪಟ್ಟಿಯಾಗಿ ಕತ್ತರಿಸಿಕೊಂಡಿದ್ದರು. ಅವುಗಳಲ್ಲಿ ಏಳನ್ನು ಒಂದನೆಯ ಚಾರ್ಲ್ಸ್ ಇಂಗ್ಲೆಂಡಿಗೆ ತರಿಸಿದ್ದ. ಈಗ ಸ್ಪರ್ಧೆಗೆ ಕುಳಿತ ಚಿತ್ರಕಾರರಿಗೆ ದೊಡ್ಡ ಕಾಗದದ ಮೇಲಿನ ದೊಡ್ಡ ಕಲೆಯ ಮಾದರಿಯೆಂದರೆ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿದ್ದ ಆ ಏಳೇ.

140 ಕಾರ್ಟೂನ್‌ಗಳು ಬಂದವು. 1843ರ ಜುಲೈನಲ್ಲಿ ಅವನ್ನು ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ತೂಗುಹಾಕಿದರು. ಬೆಂಕಿಯಿಂದ ಉಳಿದುಕೊಂಡಿದ್ದ ಹಳೆಯ ಸಭಾಂಗಣವದು. ಹನ್ನೊಂದನೆಯ ಶತಮಾನದ ಗೋಡೆಗಳ ಮೇಲೆ ಎರಡನೆಯ ರಿಚರ್ಡ್ ಕಟ್ಟಿಸಿದ ಓಕ್ ಮರದ ಚಾವಣಿ. ಒಂದನೆಯ ಚಾರ್ಲ್ಸ್‌ಗೆ ಮರಣದಂಡನೆ ವಿಧಿಸಿದ್ದು ಅಲ್ಲೇ. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನ ಮೇಲೆ ಎಡ್ಮಂಡ್ ಬರ್ಕ್ ಭಾರತದ ಜನರ ಪರವಾಗಿ ಆರೋಪ ಹೊರಿಸಿ, ಏಳು ವರ್ಷ ವಿಚಾರಣೆ ನಡೆದು, ಕೊನೆಗೆ ಆರೋಪಿ ಖುಲಾಸೆಯಾಗಿ ಹೊರನಡೆದದ್ದೂ ಅಲ್ಲೇ.

ಮೊದಲು ಕೆಲವು ದಿನ ಪ್ರವೇಶಕ್ಕೆ ಒಂದು ಶಿಲಿಂಗ್ ಇಟ್ಟಿದ್ದರು, ಆಮೇಲೆ ಬಿಟ್ಟಿ. ಜನ ನುಗ್ಗಿ ಬಂದರು. ಕೂಲಿಕಾರರು, ಕೆಲಸದಾಳುಗಳು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು, ದಿನವೂ ಸಾವಿರಾರು ಮಂದಿ. ಇಂಥ ಜನರನ್ನು ಚಿತ್ರಗಳ ಹತ್ತಿರ ಬಿಟ್ಟರೆ ಗಲಾಟೆಯಾಗುತ್ತದೆ, ಹಾಳಾಗುತ್ತದೆ ಎಂಬ ಅಂಜಿಕೆ ದೊಡ್ಡವರಲ್ಲಿ ಇತ್ತು. ಹಾಗೇನೂ ಆಗಲಿಲ್ಲ. ಬಡವರಿಗೆಂದು ಈಸ್ಟ್‌ಲೇಕ್ ಒಂದು ಪೆನ್ನಿಯ ಚಿಕ್ಕ ವಿವರಪಟ್ಟಿ ಮಾಡಿಸಿದ. ಆದರೆ ಹರಕು ಬಟ್ಟೆಯವರಲ್ಲಿ ಎಷ್ಟೋ ಮಂದಿ ಅದನ್ನು ಬಿಟ್ಟು, ಪ್ರತಿ ಚಿತ್ರದ ಕಥೆಯನ್ನೂ ಆಧಾರ ಸಮೇತ ಕೊಡುತ್ತಿದ್ದ ಆರು ಪೆನ್ನಿಯ ಪುಸ್ತಕವನ್ನೇ ಕೇಳಿ ಕೊಂಡುಕೊಂಡರು. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ತಟ್ಟಿದ ವಿವರ ಇದು. ಕಾವ್ಯ ಓದುವ ಅನುಕೂಲವಿಲ್ಲದವರಿಗೂ ಕಥೆ ಬೇಕಾಗಿತ್ತು, ಅದಕ್ಕಾಗಿ ಅವರು ಊಟದ ಕಾಸನ್ನು ಕೊಡಲು ಸಿದ್ಧರಿದ್ದರು.

‘ಪಂಚ್’ ಪತ್ರಿಕೆಗೆ ಇದು ಹೀಗೆ ಕಾಣಲಿಲ್ಲ. ಅದು ಆಗ ಎರಡು ವರ್ಷದ ಕೂಸು. ಜುಲೈ 15ರ ಸಂಚಿಕೆಯಲ್ಲಿ ಜಾನ್ ಲೀಚ್ ಬರೆದ ಚಿತ್ರವೊಂದು ಬಂತು: ಅಂಗವಿಕಲರೂ ಹಸಿದವರೂ ಪ್ರದರ್ಶನದ ಭವ್ಯ ಚಿತ್ರಗಳ ಮುಂದೆ ನಿಂತಿದ್ದಾರೆ. ಜನ ಅನ್ನ ಕೇಳಿದರೆ ಸರ್ಕಾರ ನೋಟ ಕೊಡುತ್ತಿದೆ ಎಂಬುದು ಅದರ ಸಿಟ್ಟು. ‘ಪಂಚ್’ ಅದಕ್ಕೆ ‘ಕಾರ್ಟೂನ್ ಸಂಖ್ಯೆ 1’ ಎಂದು ಹೆಸರು ಕೊಟ್ಟಿತು. ಇಂದು ಬೆಳಿಗ್ಗೆ ನಾವು ಪತ್ರಿಕೆಯಲ್ಲಿ ನೋಡಿದ ವ್ಯಂಗ್ಯಚಿತ್ರಕ್ಕೆ ಆ ಹೆಸರು ಅಂಟಿದ್ದು ಅಲ್ಲಿಂದ. ಅದು ಹಸಿವಿನ ದಶಕ. ಲೀಚ್‌ನ ಸಿಟ್ಟಿನಲ್ಲಿ ನ್ಯಾಯವಿತ್ತು. ಆರು ಪೆನ್ನಿ ಕೊಟ್ಟು ಪುಸ್ತಕ ಹಿಡಿದು ನಿಂತವರ ಕುತೂಹಲ ಕೂಡ ಅಷ್ಟೇ ನಿಜ.

ಸ್ಪರ್ಧೆಗೆ ಬಂದ ಚಿತ್ರಕಾರರಲ್ಲಿ ಹಲವರು ಆರಿಸಿಕೊಂಡದ್ದು ಇತಿಹಾಸ ಮತ್ತು ಐತಿಹ್ಯ ಬೆರೆತುಹೋದ ಕಥೆಗಳನ್ನು. ಕವಿ ಕೀಟ್ಸ್ ರೋಮ್‌ನಲ್ಲಿ ಸಾಯುವಾಗ ಅವನ ಹಾಸಿಗೆಯ ಬಳಿಯಿದ್ದ ಗೆಳೆಯ ಜೋಸೆಫ್ ಸೆವರ್ನ್, ವಿಷದ ಕತ್ತಿ ತಗುಲಿದ ಗಂಡನ ಗಾಯಕ್ಕೆ ಬಾಯಿಟ್ಟು ವಿಷ ಹೀರಿ ತೆಗೆದ ರಾಣಿ ಎಲಿನಾರ್‌ಳ ಕಥೆ ಬರೆದು 100 ಪೌಂಡ್ ಪಡೆದ. 300 ಪೌಂಡಿನ ಬಹುಮಾನ ಮೂವರಿಗೆ ಬಂತು. ಎಡ್ವರ್ಡ್ ಆರ್ಮಿಟೇಜ್‌ಗೆ, ಸೀಸರ್ ಬ್ರಿಟನ್ನಿನ ಮೇಲೆ ಏರಿಬಂದ ದೃಶ್ಯಕ್ಕಾಗಿ. ಚಾರ್ಲ್ಸ್ ಕೋಪ್‌ಗೆ, ಪಂಚರ ಮುಂದೆ ನಡೆದ ಮೊದಲ ನ್ಯಾಯವಿಚಾರಣೆಗಾಗಿ. ಮತ್ತು ಜಾರ್ಜ್ ಫ್ರೆಡೆರಿಕ್ ವಾಟ್ಸ್‌ಗೆ.

ವಾಟ್ಸ್‌ಗೆ 26 ವರ್ಷ. ಪಿಯಾನೋ ಮಾಡುವವನೊಬ್ಬನ ಮಗ. ಮನೆಯಲ್ಲಿ ಬಡತನ, ಮೈಯಲ್ಲಿ ಸದಾ ಒಂದಿಲ್ಲೊಂದು ಕಾಯಿಲೆ. ಶಿಲ್ಪಿ ವಿಲಿಯಂ ಬೆನ್ಸ್‌ನ ಚಿತ್ರಶಾಲೆಗೆ ಹುಡುಗನಾಗಿದ್ದಾಗಿನಿಂದ ಹೋಗಿ ಬಂದು ಕೈ ಪಳಗಿಸಿಕೊಂಡಿದ್ದ. ರಾಯಲ್ ಅಕಾಡೆಮಿಯ ಪಾಠಗಳಿಗಿಂತ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಗ್ರೀಕ್ ಶಿಲ್ಪಗಳೇ ತನ್ನ ಗುರುವೆಂದು ನಂಬಿದವನು. ಅವನು ಆರಿಸಿಕೊಂಡ ಕಥೆ ಕರಾಕ್ಟಕಸ್‌ನದು.

ಕ್ರಿ.ಶ. 43ರಲ್ಲಿ ರೋಮ್ ಚಕ್ರವರ್ತಿ ಕ್ಲಾಡಿಯಸ್‌ನ ಸೈನ್ಯ ಬ್ರಿಟನ್ನಿಗೆ ಇಳಿಯಿತು. ಕರಾಕ್ಟಕಸ್ ಅಲ್ಲಿನ ಒಬ್ಬ ದೊರೆ. ಬಯಲಲ್ಲಿ ಸೋತು, ಪಶ್ಚಿಮದ ಬೆಟ್ಟಗಾಡಿಗೆ ಹಿಂದೆಗೆದು, ಅಲ್ಲಿನ ಬುಡಕಟ್ಟುಗಳನ್ನು ಕೂಡಿಸಿಕೊಂಡು ವರ್ಷಗಟ್ಟಲೆ ಹೋರಾಡಿದ. ಕೊನೆಯ ಕಾಳಗದಲ್ಲಿ ಸೋತ ಮೇಲೆ ಬ್ರಿಗಾಂಟರ ರಾಣಿ ಕಾರ್ಟಿಮಾಂಡುವಾಳ ಆಶ್ರಯ ಬೇಡಿದ. ಅವಳು ಅವನಿಗೆ ಬೇಡಿ ತೊಡಿಸಿ ರೋಮನ್ನರಿಗೆ ಒಪ್ಪಿಸಿದಳು. ರೋಮ್‌ನಲ್ಲಿ ನಡೆದದ್ದನ್ನು ಇತಿಹಾಸಕಾರ ಟ್ಯಾಸಿಟಸ್ ಬರೆದಿಟ್ಟಿದ್ದಾನೆ. ಊರಿನವರನ್ನೆಲ್ಲ ಹಬ್ಬಕ್ಕೆ ಕರೆದಂತೆ ಕರೆದರು. ಮೊದಲು ದೊರೆಯ ಪರಿವಾರ, ಆಮೇಲೆ ಅವನ ಒಡವೆಗಳು, ಆಮೇಲೆ ತಮ್ಮಂದಿರು, ಹೆಂಡತಿ, ಮಗಳು, ಕಡೆಗೆ ಅವನು. ಉಳಿದವರು ಹೆದರಿ ಅಂಗಲಾಚಿದರು. ಅವನು ತಲೆ ತಗ್ಗಿಸಲಿಲ್ಲ, ಕರುಣೆ ಬೇಡಲಿಲ್ಲ. ನೀವು ಎಲ್ಲರನ್ನೂ ಆಳಬಯಸಿದ ಮಾತ್ರಕ್ಕೆ ಎಲ್ಲರೂ ಗುಲಾಮಗಿರಿಯನ್ನು ಒಪ್ಪಬೇಕೇ ಎಂಬ ಅರ್ಥದ ಮಾತನ್ನು ಚಕ್ರವರ್ತಿಯ ಮುಖಕ್ಕೇ ಆಡಿದ. ಕ್ಲಾಡಿಯಸ್ ಅವನನ್ನೂ ಅವನವರನ್ನೂ ಕ್ಷಮಿಸಿ ಬೇಡಿ ಬಿಚ್ಚಿಸಿದ.

ಟ್ಯಾಸಿಟಸ್ ಆ ಮಾತನ್ನು ಕಿವಿಯಾರೆ ಕೇಳಿದವನಲ್ಲ. ಅದು ನಡೆದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಮೇಲೆ, ರೋಮ್‌ನಲ್ಲೇ ಕುಳಿತು, ಸೋತವನ ಬಾಯಲ್ಲಿ ಗೆದ್ದವರನ್ನು ಪ್ರಶ್ನಿಸುವ ಮಾತನ್ನು ಇಟ್ಟ. ಬ್ರಿಟನ್ನಿನವರಿಗೆ ಈ ನಾಯಕ ಸಿಕ್ಕಿದ್ದು ಹೀಗೆ, ಶತ್ರುವಿನ ಪುಸ್ತಕದಿಂದ. ಮುಂದೆ ವೇಲ್ಸ್‌ನವರು ಅವನನ್ನು ತಮ್ಮ ಕರಡೋಗ್ ಎಂದರು, ಬೆಟ್ಟಬೆಟ್ಟಕ್ಕೂ ಅವನ ಹೆಸರಿಟ್ಟರು, ಹದಿನೆಂಟನೆಯ ಶತಮಾನದಲ್ಲಿ ವಿಲಿಯಂ ಮೇಸನ್ ಅವನ ಮೇಲೆ ನಾಟಕ ಬರೆದ. ವಾಟ್ಸ್‌ನ ಕೈಗೆ ಬರುವ ಹೊತ್ತಿಗೆ ಅವನು ಅರ್ಧ ಇತಿಹಾಸ, ಅರ್ಧ ದಂತಕಥೆ.

ಕಥೆಯಲ್ಲಿ ಚಿತ್ರಕ್ಕೆ ಒದಗುವ ಗಳಿಗೆಗಳು ಹಲವು. ಬೆಟ್ಟದ ಕಾಳಗ ಬರೆಯಬಹುದಿತ್ತು. ರಾಣಿಯ ದ್ರೋಹ ಬರೆಯಬಹುದಿತ್ತು. ಎಲ್ಲಕ್ಕಿಂತ ಸಲೀಸಾದದ್ದು ಕ್ಷಮೆಯ ಗಳಿಗೆ: ಸಿಂಹಾಸನದ ಮೇಲೆ ಉದಾರಿ ಚಕ್ರವರ್ತಿ, ಕೆಳಗೆ ಧೀರ ಸೆರೆಯಾಳು, ನೋಡುವವರಿಗೆ ಇಬ್ಬರ ಮೇಲೂ ಗೌರವ. ವಾಟ್ಸ್ ಅದನ್ನು ಬಿಟ್ಟ. ಅವನ ಕಾರ್ಟೂನಿನ ಹೆಸರೇ ಹೇಳುವಂತೆ ಅದು ರೋಮ್‌ನ ಬೀದಿಗಳಲ್ಲಿ ವಿಜಯದ ಮೆರವಣಿಗೆಯಲ್ಲಿ ನಡೆಸಿಕೊಂಡು ಹೋಗುತ್ತಿರುವ ಕರಾಕ್ಟಕಸ್. ಮುಂದೆ ಏನು ಕಾದಿದೆಯೆಂದು ಆ ಮನುಷ್ಯನಿಗೆ ಗೊತ್ತಿಲ್ಲ. ರೂಢಿಯ ಪ್ರಕಾರ ಇಂಥ ಮೆರವಣಿಗೆಯ ಕೊನೆಯಲ್ಲಿ ಸೆರೆಯಾಳು ದೊರೆಯನ್ನು ಕೊಲ್ಲುತ್ತಿದ್ದರು. ಸುತ್ತ ಗೆದ್ದ ಊರಿನ ಜನ, ನಡುವೆ ಅವನು ಮತ್ತು ಅವನ ಕುಟುಂಬ. ಬೇಡಿ ಬಿಚ್ಚಲು ಇನ್ನೂ ಯಾರೂ ಅಪ್ಪಣೆ ಕೊಟ್ಟಿಲ್ಲ. ಅವನ ಘನತೆಗೆ ಇನ್ನೊಬ್ಬರ ಔದಾರ್ಯದ ಊರುಗೋಲು ಬೇಕಾಗಿಲ್ಲ.

ಬಣ್ಣವಿಲ್ಲದ ಷರತ್ತು ಈ ಚಿತ್ರಕ್ಕೆ ವರವಾಯಿತೆಂದೇ ನನ್ನ ಎಣಿಕೆ. ಎಣ್ಣೆಬಣ್ಣದಲ್ಲಿ ಬರೆದಿದ್ದರೆ ರೋಮ್‌ನ ವೈಭವ ಕಣ್ಣು ಸೆಳೆಯುತ್ತಿತ್ತು: ಕೆಂಪು ಮೇಲುಹೊದಿಕೆ, ಚಿನ್ನದ ಹದ್ದುಗಳು, ಅಮೃತಶಿಲೆ. ಇದ್ದಿಲಿನಲ್ಲಿ ರೋಮನ್ನರಿಗೂ ಬ್ರಿಟನ್ನರಿಗೂ ಇರುವುದು ಒಂದೇ ಕಪ್ಪು, ಒಂದೇ ಕಾಗದದ ಬಿಳಿ. ಯಾರು ದೊಡ್ಡವರೆಂದು ಹೇಳಲು ಗೆರೆಯ ನಿಲುವೊಂದೇ ಸಾಧನ. ಗ್ರೀಕ್ ಕಲ್ಲುಗಳ ಮುಂದೆ ಕುಳಿತು ಕಲಿತ ಹುಡುಗನಿಗೆ ನಿಲುವಿನ ವಿದ್ಯೆ ಚೆನ್ನಾಗಿ ಗೊತ್ತಿತ್ತು.

ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಜನ ಈ ಸೆರೆಯಾಳನ್ನು ನೋಡಿ ಮರುಗುತ್ತಿದ್ದ ಅದೇ ವರ್ಷದ ಫೆಬ್ರವರಿ 17ರಂದು ಸಿಂಧ್‌ನ ಮಿಯಾನಿಯಲ್ಲಿ ಬ್ರಿಟಿಷ್ ಸೇನಾಪತಿ ಚಾರ್ಲ್ಸ್ ನೇಪಿಯರ್‌ನ ಸೈನ್ಯ ಆ ನಾಡನ್ನು ಆಳುತ್ತಿದ್ದ ತಾಲ್ಪುರ ಅಮೀರರನ್ನು ಸೋಲಿಸಿತ್ತು. ಅಮೀರರನ್ನು ಸೆರೆಹಿಡಿದು ಹಡಗಿನಲ್ಲಿ ಬೊಂಬಾಯಿಗೆ ಸಾಗಿಸಿದರು. ಅವರ ನಾಡು ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಸೇರಿತು. ಸಿಂಧ್‌ನ ಸುದ್ದಿ, ಅದು ಸರಿಯೋ ತಪ್ಪೋ ಎಂಬ ವಾದ ಲಂಡನ್ನಿನ ಪತ್ರಿಕೆಗಳಲ್ಲಿ ನಡೆದೇ ಇತ್ತು. ಗೋಡೆಯ ಮೇಲಿನ ಕರಾಕ್ಟಕಸ್‌ನಿಗೂ ಬೊಂಬಾಯಿಯ ಹಡಗುಕಟ್ಟೆಯಲ್ಲಿ ಇಳಿದ ಅಮೀರರಿಗೂ ನಡುವೆ ನಂಟು ಕಂಡವರು ಆ ಜನಸಂದಣಿಯಲ್ಲಿ ಎಷ್ಟಿದ್ದರೋ.

ನಂಟು ಕಾಣಿಸಿದ್ದು ಬೇರೊಂದು ರೀತಿಯಲ್ಲಿ. ಆಯೋಗ 1847ರಲ್ಲಿ ಅದೇ ಸಭಾಂಗಣದಲ್ಲಿ ಎಣ್ಣೆಬಣ್ಣದ ಸ್ಪರ್ಧೆ ನಡೆಸಿತು. 500 ಪೌಂಡಿನ ಮೊದಲ ದರ್ಜೆಯ ಬಹುಮಾನ ಮತ್ತೆ ಮೂವರಿಗೆ. ಒಬ್ಬ ಪಿಕರ್ಸ್‌ಗಿಲ್. ಇನ್ನೊಬ್ಬ ವಾಟ್ಸ್: ಡೇನರು ದಡಕ್ಕೆ ಇಳಿಯದಂತೆ ತಡೆಯಲು ಸ್ಯಾಕ್ಸನ್ನರನ್ನು ಹುರಿದುಂಬಿಸುವ ದೊರೆ ಆಲ್‌ಫ್ರೆಡ್, ಅಂದರೆ ಈ ಸಲವೂ ದಾಳಿಗೆ ಎದುರು ನಿಂತವನು. ಮೂರನೆಯವನು ಆರ್ಮಿಟೇಜ್. ನಾಲ್ಕು ವರ್ಷದ ಹಿಂದೆ ಸೀಸರನ ಸೈನ್ಯ ಬ್ರಿಟನ್ನಿನ ಮೇಲೆ ಏರಿಬಂದದ್ದನ್ನು ಬರೆದು ಗೆದ್ದಿದ್ದವನು ಈಗ ಬರೆದದ್ದು ಮಿಯಾನಿಯ ಕಾಳಗ. ರಾಣಿ ವಿಕ್ಟೋರಿಯಾ ಅದನ್ನು ಕೊಂಡಳು. ಇವತ್ತಿಗೂ ಅದು ರಾಜಮನೆತನದ ಸಂಗ್ರಹದಲ್ಲಿದೆ. ಒಬ್ಬನೇ ಚಿತ್ರಕಾರ, ಒಂದೇ ಸಭಾಂಗಣ, ಒಂದೇ ಆಯೋಗ. ಮೊದಲ ಚಿತ್ರದಲ್ಲಿ ದಾಳಿ ಮಾಡಿದವರು ಪರಕೀಯರು, ಎರಡನೆಯದರಲ್ಲಿ ದಾಳಿ ಮಾಡಿದವರು ತಾವು. ಎರಡನ್ನೂ ಅವರು ವೀರಕಥೆಯೆಂದೇ ನೋಡಿದರು. ವಿಕ್ಟೋರಿಯಾ ಕಾಲದ ಮನಸ್ಸಿನ ಬಗ್ಗೆ ಬಂದ ದಪ್ಪ ಪುಸ್ತಕಗಳಿಗಿಂತ ಈ ಎರಡು ಬಹುಮಾನಗಳು ನನಗೆ ಹೆಚ್ಚು ತಿಳಿಸಿವೆ.

ಸೋತವರಲ್ಲಿ ಬೆಂಜಮಿನ್ ರಾಬರ್ಟ್ ಹೇಡನ್‌ನನ್ನು ಮರೆತು ಮುಂದೆ ಹೋಗಲಾಗದು. ಸರ್ಕಾರ ಗೋಡೆಗಳ ಮೇಲೆ ದೊಡ್ಡ ಚಿತ್ರ ಬರೆಸಬೇಕೆಂದು ದಶಕಗಳ ಕಾಲ ಮಂತ್ರಿಗಳಿಗೆ ಕಾಗದ ಬರೆದು, ಭಾಷಣ ಮಾಡಿ, ಸಾಲ ಮಾಡಿ, ಸಾಲಕ್ಕಾಗಿ ಜೈಲಿಗೂ ಹೋಗಿ ಬಂದವನು ಅವನು. ಈಸ್ಟ್‌ಲೇಕ್ ಅವನ ಶಿಷ್ಯನೇ. ತನ್ನ ಜೀವಮಾನದ ಬೇಡಿಕೆ ಈಡೇರಿದಾಗ ಅವನಿಗೆ 57 ವರ್ಷ. ಆಡಮ್ ಮತ್ತು ಈವ್‌ಗೆ ಬಂದ ಶಾಪದ ದೃಶ್ಯವನ್ನೂ, ‘ಕಪ್ಪು ರಾಜಕುಮಾರ’ನೆಂದು ಹೆಸರಾದ ಎಡ್ವರ್ಡ್ ಸೆರೆಸಿಕ್ಕ ಫ್ರಾನ್ಸ್ ದೊರೆಯೊಡನೆ ಲಂಡನ್ನಿಗೆ ಬರುವ ದೃಶ್ಯವನ್ನೂ ಬರೆದು ಕಳಿಸಿದ. ಹನ್ನೊಂದು ಬಹುಮಾನಗಳಲ್ಲಿ ಒಂದೂ ಬರಲಿಲ್ಲ. ಪ್ರದರ್ಶನದ ಗಳಿಕೆಯಿಂದ ಆಮೇಲೆ ಇನ್ನೂ ಹತ್ತು ಮಂದಿಗೆ 100 ಪೌಂಡ್ ಹಂಚಿದರು. ಅದರಲ್ಲೂ ಅವನ ಹೆಸರಿಲ್ಲ. ಪಾರ್ಲಿಮೆಂಟಿಗೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ವಸ್ತುಗಳನ್ನು ಅವನು ತಾನೇ ಬರೆದು 1846ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಪ್ರದರ್ಶನಕ್ಕಿಟ್ಟ. ಅದೇ ಕಟ್ಟಡದಲ್ಲಿ ಅಮೆರಿಕದಿಂದ ಬಂದ ಕುಬ್ಜ ಹುಡುಗ ಟಾಮ್ ಥಂಬ್‌ನ ಆಟ ನಡೆದಿತ್ತು. ಒಂದು ವಾರದಲ್ಲಿ ಆ ಹುಡುಗನನ್ನು ನೋಡಲು 12,000 ಮಂದಿ ಬಂದರು, ತನ್ನ ಚಿತ್ರಗಳಿಗೆ 133 ಮತ್ತು ಒಂದು ಅರ್ಧ, ಆ ಅರ್ಧ ಒಬ್ಬಳು ಪುಟ್ಟ ಹುಡುಗಿ ಎಂದು ಹೇಡನ್ನೇ ಲೆಕ್ಕ ಬರೆದ. ಆ ವರ್ಷದ ಜೂನ್ 22ರಂದು ತನ್ನ ಚಿತ್ರಶಾಲೆಯಲ್ಲಿ, ಬರೆಯುತ್ತಿದ್ದ ದೊರೆ ಆಲ್‌ಫ್ರೆಡ್‌ನ ಚಿತ್ರದ ಮುಂದೆ ಪ್ರಾಣ ಕಳೆದುಕೊಂಡ.

ಗೆದ್ದ ವಾಟ್ಸ್ 300 ಪೌಂಡ್ ತೆಗೆದುಕೊಂಡು ಇಟಲಿಗೆ ಹೊರಟುಹೋದ. ಫ್ಲಾರೆನ್ಸ್‌ನಲ್ಲಿ ಬ್ರಿಟಿಷ್ ರಾಯಭಾರಿ ಲಾರ್ಡ್ ಹಾಲೆಂಡ್‌ನ ಮನೆಯ ಅತಿಥಿಯಾಗಿ ವರ್ಷಗಳನ್ನು ಕಳೆದ. ಅವನ ಕಾರ್ಟೂನ್ ಗೋಡೆ ಏರಲೇ ಇಲ್ಲ. ಕರಾಕ್ಟಕಸ್‌ನನ್ನು ಭಿತ್ತಿಚಿತ್ರವಾಗಿ ಬರೆಯಲು ಯಾರೂ ಅವನಿಗೆ ಹೇಳಲಿಲ್ಲ. ಆ ಕಾರ್ಟೂನ್ ಚಿತ್ರವ್ಯಾಪಾರಿಯೊಬ್ಬನ ಕೈ ಸೇರಿತು. ಅಷ್ಟು ದೊಡ್ಡ ಹಾಳೆಯನ್ನು ಕೊಳ್ಳುವವರು ಯಾರು, ತೂಗುಹಾಕುವ ಮನೆ ಎಲ್ಲಿ? ಮುಖ ಮುಖ, ಮೈ ಮೈ ಕತ್ತರಿಸಿ ಮಾರಲಾಯಿತು. ಉಳಿದುಬಂದ ತುಣುಕುಗಳು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಇಡಿಯ ದೃಶ್ಯ ಹೇಗಿತ್ತೆಂದು ತಿಳಿಯಲು ಆ ಕಾಲದಲ್ಲಿ ತೆಗೆದ ಶಿಲಾಮುದ್ರಣವೇ ಗತಿ.

ಗೋಡೆಗಳನ್ನು ಏರಿದ್ದು ಇನ್ನೊಂದು ದಂತಕಥೆ. ಸ್ಕಾಟ್ಲೆಂಡಿನ ವಿಲಿಯಂ ಡೈಸ್ 1843ರ ಸ್ಪರ್ಧೆಗೆ ಬಂದವನಲ್ಲ. ರೋಮ್‌ನಲ್ಲಿ ಜರ್ಮನ್ ಚಿತ್ರಕಾರರ ಒಡನಾಟ ಕಂಡಿದ್ದವನು, ಹಸಿ ಗಾರೆಯ ಕೆಲಸ ಬಲ್ಲವನು. ಲಾರ್ಡ್ಸ್ ಸಭಾಭವನದಲ್ಲಿ ಅವನು 1846ರಲ್ಲಿ ಮುಗಿಸಿದ ಎಥೆಲ್ಬರ್ಟ್ ದೊರೆಯ ದೀಕ್ಷಾಸ್ನಾನವೇ ಹೊಸ ಅರಮನೆಯ ಮೊದಲ ಭಿತ್ತಿಚಿತ್ರ. ಜರ್ಮನ್ನರಿಗೆ ನಿಬೆಲುಂಗರ ಕಥೆಯಿರುವಂತೆ ಇಂಗ್ಲಿಷರಿಗೆ ಆರ್ಥರ್ ದೊರೆಯ ಕಥೆಯಿದೆ ಎಂದು ಅವನು ಆಲ್ಬರ್ಟ್‌ಗೆ ಸೂಚಿಸಿದ. ಪಾರ್ಲಿಮೆಂಟ್ ಆರಂಭದ ದಿನ ರಾಣಿ ಕಿರೀಟ, ನಿಲುವಂಗಿ ತೊಡುವ ಕೋಣೆಯಲ್ಲಿ ಏಳು ಚಿತ್ರ ಬರೆಯುವ ಕೆಲಸ ಅವನಿಗೆ ಬಂತು, ವರ್ಷಕ್ಕೆ 800 ಪೌಂಡಿನಂತೆ.

ಕಷ್ಟ ಶುರುವಾದದ್ದು ಕಥೆಯಲ್ಲೇ. ಇಂಗ್ಲಿಷ್ ಕಥೆಗಾರ ಮ್ಯಾಲೊರಿ ಹೇಳಿದ ಆರ್ಥರನ ಕಥೆಯೆಂದರೆ ರಾಣಿ ಗ್ವಿನಿವಿಯರ್ ಮತ್ತು ಲ್ಯಾನ್ಸ್‌ಲಾಟ್‌ನ ಗುಟ್ಟಿನ ಪ್ರೇಮ, ಸೋದರರ ವೈರ, ಅಪ್ಪ ಮಗನ ಕಾಳಗ, ರಾಜ್ಯದ ನಾಶ. ಇದನ್ನು ವಿಕ್ಟೋರಿಯಾಳ ಉಡುಪಿನ ಕೋಣೆಗೆ ತರುವುದು ಹೇಗೆ? ಡೈಸ್ ಕಥೆಯನ್ನು ಬಿಡಿಸಿ ಗುಣಗಳನ್ನಾಗಿ ಮಾಡಿದ: ಧರ್ಮನಿಷ್ಠೆ, ಔದಾರ್ಯ, ಸೌಜನ್ಯ, ದಯೆ, ಆತಿಥ್ಯ, ಧೈರ್ಯ, ಸ್ವಾಮಿನಿಷ್ಠೆ. ಒಂದೊಂದಕ್ಕೆ ಒಂದೊಂದು ಪ್ರಸಂಗ. ಮೊದಲು ಅವನು ಸಿದ್ಧಪಡಿಸಿದ್ದು ದುಂಡು ಮೇಜಿನ ವೀರರು ಪವಿತ್ರ ಪಾತ್ರೆಯನ್ನು ಅರಸಿ ಹೊರಡುವ ದೃಶ್ಯ. 1849ರ ಆ ಪೂರ್ವಚಿತ್ರ ಎಡಿನ್‌ಬರೋದಲ್ಲಿ ಉಳಿದಿದೆ. ಬೀಳ್ಕೊಡುಗೆಯ ಸಂಕಟವೆಲ್ಲ ಅದರಲ್ಲಿದೆ, ಏಕೆಂದರೆ ಮ್ಯಾಲೊರಿಯಲ್ಲಿ ಆ ದಿನದಿಂದಲೇ ಆರ್ಥರನ ಬಳಗ ಒಡೆಯುತ್ತದೆ. ಇವರನ್ನೆಲ್ಲ ಮತ್ತೆ ಒಟ್ಟಿಗೆ ಕಾಣಲಾರೆನೆಂದು ದೊರೆ ಅಳುತ್ತಾನೆ. ಆಯೋಗ ಅದನ್ನು ಒಪ್ಪಲಿಲ್ಲ. ಅದರ ಜಾಗದಲ್ಲಿ ಗ್ಯಾಲಹಾಡ್‌ಗೂ ಅವನ ಜೊತೆಯವರಿಗೂ ಆದ ದೈವದರ್ಶನ 1851ರಲ್ಲಿ ಗೋಡೆಗೆ ಬಂತು. ಚೊಕ್ಕ ಕೆಲಸ, ತಿಳಿಯಾದ ಬಣ್ಣ, ಎಲ್ಲಿಯೂ ತಪ್ಪು ಹುಡುಕಲಾಗದು. ಆದರೆ ಕೈಬಿಟ್ಟ ಚಿತ್ರದಲ್ಲಿ ಇರುವ ಜೀವ ಅದರಲ್ಲಿಲ್ಲ.

ಡೈಸ್ 1854ರ ಹೊತ್ತಿಗೆ ನಾಲ್ಕನ್ನು ಮುಗಿಸಿದ. ಐದನೆಯದು, ಟ್ರಿಸ್ಟ್ರಮ್‌ನನ್ನು ಬಳಗಕ್ಕೆ ಬರಮಾಡಿಕೊಳ್ಳುವ ದೊಡ್ಡ ದೃಶ್ಯ, ಎಳೆದಾಡುತ್ತ ಹೋಯಿತು. ಬೇಸಿಗೆಯಲ್ಲಷ್ಟೇ ಗಾರೆ ಚೆನ್ನಾಗಿ ಕೂಡುವುದು, ಪಾರ್ಲಿಮೆಂಟಿನವರಿಗೆ ಆತುರ, ಅವನ ಆರೋಗ್ಯ ಕೆಡುತ್ತ ಬಂತು. 1864ರ ಫೆಬ್ರವರಿಯಲ್ಲಿ ತೀರಿಕೊಂಡ. ಐದನೆಯದನ್ನು ಕೋಪ್ ಪೂರ್ತಿಮಾಡಿದ. ಉಳಿದ ಎರಡು ಗುಣಗಳು, ಧೈರ್ಯ ಮತ್ತು ಸ್ವಾಮಿನಿಷ್ಠೆ, ಗೋಡೆಗೆ ಬರಲೇ ಇಲ್ಲ.

ಗೋಡೆಗಳು ನಂಬಿಕೆ ಉಳಿಸಿಕೊಳ್ಳಲಿಲ್ಲ. ಇಟಲಿಯ ಒಣ ಹವೆಯಲ್ಲಿ ಶತಮಾನ ನಿಲ್ಲುವ ಸುಣ್ಣ ಥೇಮ್ಸ್‌ನ ತೇವದಲ್ಲಿ, ಕಲ್ಲಿದ್ದಲು ಹೊಗೆಯಲ್ಲಿ, ಗ್ಯಾಸ್ ದೀಪಗಳ ಕಾವಿನಲ್ಲಿ ಹಾಳಾಯಿತು. ಹೊಗೆಯ ಗಂಧಕ ತೇವದೊಡನೆ ಸೇರಿ ಆಮ್ಲವಾಗಿ ಗಟ್ಟಿ ಸುಣ್ಣವನ್ನು ಜಿಪ್ಸಮ್ ಮಾಡಿಬಿಡುತ್ತದೆ. ಬಣ್ಣ ಉಬ್ಬಿ ಹಪ್ಪಳಿಕೆಯಾಗಿ ಉದುರುತ್ತದೆ. ಕವಿಗಳ ಕಾವ್ಯದ ದೃಶ್ಯಗಳಿಂದ ಸಿಂಗರಿಸಿದ ಮೇಲಂತಸ್ತಿನ ಕಾಯುವ ಹಜಾರದಲ್ಲಿ ಕೆಲವೇ ವರ್ಷಗಳಲ್ಲಿ ಹೀಗಾಯಿತು. ವಾಟ್ಸ್ ಅಲ್ಲಿ ಬರೆದ, ಡ್ರ್ಯಾಗನನ್ನು ಗೆಲ್ಲುವ ಸ್ಪೆನ್ಸರ್‌ನ ವೀರನೂ ಅದರಲ್ಲಿ ಸೇರಿದ್ದ. ವಾಟ್ಸ್ ಲಿಂಕನ್ಸ್ ಇನ್ ವಕೀಲರ ಭವನದಲ್ಲಿ ಇನ್ನೊಂದು ಭಿತ್ತಿಚಿತ್ರಕ್ಕೆ ಕೈಹಾಕಿ 1859ರಲ್ಲಿ ಮುಗಿಸಿದ. ಲೋಕದ ಶಾಸನಕರ್ತರ ಆ ಗುಂಪಿನಲ್ಲಿ ಮೋಸೆಸ್, ಕನ್‌ಫ್ಯೂಷಿಯಸ್, ಮಹಮ್ಮದರ ಜೊತೆ ನಮ್ಮ ಮನುವೂ ಇದ್ದಾನೆ.

ಅದೇ ಹೊಸ ಅರಮನೆಗೆ ಚಿತ್ರ ಬರೆಯುತ್ತಿದ್ದ ಡೇನಿಯಲ್ ಮ್ಯಾಕ್ಲೀಸ್ ಹಸಿ ಗಾರೆಯನ್ನೇ ಬಿಟ್ಟು, ಜರ್ಮನಿಗೆ ಹೋಗಿ ‘ನೀರುಗಾಜಿ’ನ ವಿಧಾನ ಕಲಿತು ಬಂದ: ಒಣ ಗಾರೆಯ ಮೇಲೆ ಬರೆದು, ಕರಗಿದ ಸಿಲಿಕೇಟ್ ಸಿಂಪಡಿಸಿ ಬಣ್ಣ ಹಿಡಿಸುವುದು. ವಾಟರ್‌ಲೂ ಕಾಳಗದ ಕೊನೆಯಲ್ಲಿ ಗೆದ್ದ ಸೇನಾಪತಿಗಳಾದ ವೆಲಿಂಗ್ಟನ್ ಮತ್ತು ಬ್ಲೂಖರ್ ಭೇಟಿಯಾಗುವ 45 ಅಡಿಯ ದೃಶ್ಯವನ್ನು 1861ರಲ್ಲಿ ಮುಗಿಸಿದ. ಅದೂ ಮಂಕಾಯಿತು. ಅದಕ್ಕೆಂದು ಅವನು ಮೊದಲು ಸೀಮೆಸುಣ್ಣದಲ್ಲಿ ಬರೆದ ಕಾರ್ಟೂನ್ ಮಾತ್ರ ರಾಯಲ್ ಅಕಾಡೆಮಿಯಲ್ಲಿ ಉಳಿಯಿತು. ವಾಟರ್‌ಲೂ ನಡೆದ 200ನೆಯ ವರ್ಷವಾದ 2015ರಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿ ಜನರ ಮುಂದೆ ತೂಗುಹಾಕಿದಾಗ, ಬಳಲಿದ ಸೈನಿಕರ ಮುಖಗಳು ಗೋಡೆಗಿಂತ ಕಾಗದದ ಮೇಲೆಯೇ ಸ್ಪಷ್ಟವಾಗಿ ಕಂಡವು.

ಕರಾಕ್ಟಕಸ್‌ನ ಕಥೆ ಇಷ್ಟಕ್ಕೆ ಮುಗಿಯಲಿಲ್ಲ. 1898ರ ಅಕ್ಟೋಬರ್‌ನಲ್ಲಿ ಲೀಡ್ಸ್‌ನ ಸಂಗೀತೋತ್ಸವದಲ್ಲಿ ಎಡ್ವರ್ಡ್ ಎಲ್ಗರ್ ಅವನ ಮೇಲೊಂದು ಗಾಯನರೂಪಕ ನುಡಿಸಿದ. ರಾಣಿ ವಿಕ್ಟೋರಿಯಾಳ ಒಪ್ಪಿಗೆ ಪಡೆದು ಅವಳಿಗೇ ಅರ್ಪಿಸಿದ. ಅದರ ಸಾಹಿತ್ಯ ಬರೆದವನು ಹ್ಯಾರಿ ಆರ್ಬತ್‌ನಾಟ್ ಅಕ್‌ವರ್ತ್. ಐಸಿಎಸ್ ಅಧಿಕಾರಿಯಾಗಿ ಬೊಂಬಾಯಿಯಲ್ಲಿ ದುಡಿದು, ಆ ನಗರದ ಮುನ್ಸಿಪಲ್ ಕಮಿಷನರ್ ಆಗಿ, ಮಾಟುಂಗಾದಲ್ಲಿ ಕುಷ್ಠರೋಗಿಗಳ ಆಶ್ರಮ ತೆರೆಸಿ, ಮರಾಠಿ ವೀರಗೀತೆಗಳಾದ ಪೊವಾಡಗಳನ್ನು ಸಂಗ್ರಹಿಸಿ ಇಂಗ್ಲಿಷಿಗೆ ಮಾಡಿ, ನಿವೃತ್ತನಾಗಿ ಮ್ಯಾಲ್ವರ್ನ್ ಬೆಟ್ಟದ ಬಳಿ ನೆಲೆಸಿದ್ದವನು. ಶಿವಾಜಿಯ ಮೇಲಿನ ಹಾಡುಗಳನ್ನು ಬಲ್ಲ ಮನುಷ್ಯ. ಅವನ ರೂಪಕದಲ್ಲಿ ಚಕ್ರವರ್ತಿಯ ಕ್ಷಮೆಯೂ ಇದೆ. ಕ್ಷಮೆಯಾದ ಮೇಲೆ ಕೊನೆಯ ಮೇಳಗೀತ ರೋಮ್ ಅಳಿಯುವುದನ್ನೂ, ಬ್ರಿಟನ್ ಎದ್ದು ಲೋಕದ ಉದ್ದಗಲಕ್ಕೆ ತನ್ನ ಆಳ್ವಿಕೆ ಹರಡಿ ಗುಲಾಮರ ಬೇಡಿ ಬಿಚ್ಚುವುದನ್ನೂ ಹಾಡುತ್ತದೆ. ಸೆರೆಯಾಳಿನ ಧೈರ್ಯ ಹೀಗೆ ಸಾಮ್ರಾಜ್ಯದ ಬಿರುದಾಯಿತು. 55 ವರ್ಷದ ಹಿಂದೆ ವಾಟ್ಸ್ ಬಿಟ್ಟುಬಿಟ್ಟಿದ್ದದ್ದು ಆ ಕ್ಷಮೆಯ ದೃಶ್ಯವನ್ನೇ. ಲೀಡ್ಸ್‌ನಲ್ಲಿ ಅದು ಮೊಳಗಿದಾಗ ಅವನಿನ್ನೂ ಬದುಕಿದ್ದ, ವಯಸ್ಸು 81, ದಿನವೂ ಚಿತ್ರ ಬರೆಯುತ್ತಿದ್ದ.